ಹುರಿದ ಮಣ್ಣು

ಹೊಸೂರಿನ ಆಫೀಸಿನಲ್ಲಿ ನನ್ನ ಮೇಜಿನ ಮೇಲೆ ಒಂದು ಮನಿಪ್ಲಾಂಟ್ ಕುಂಡ ಇಟ್ಟುಕೊಂಡಿದ್ದೆ. ಅದರ ಹಸಿ ಮಣ್ಣಿನಿಂದ ಸಣ್ಣ ನೊಣಗಳೆದ್ದು ಮ್ಯಾನೇಜರ ಕಾಫಿಗೆ ಬಿದ್ದವು. "ಸೋಮವಾರದೊಳಗೆ ನೊಣ ಹೋಗಬೇಕು, ಇಲ್ಲ ಗಿಡ ಹೋಗಬೇಕು" ಅಂದರು.

ಆಫೀಸಿನ ತೋಟ ನೋಡಿಕೊಳ್ಳುವ ತಾತನನ್ನು ಕೇಳಿದೆ. "ಮಣ್ಣ ಕಾಯ ವೈಮ್ಮಾ" ಎಂದು ತಮಿಳಿನಲ್ಲಿ ಹೇಳಿದ. ನಮ್ಮ ಕನ್ನಡದ ಹಾಗೆ ಒಲೆಯ ಮೇಲೆ ಕಾಯಿಸಬೇಕೆಂದುಕೊಂಡು, ಕುಂಡವನ್ನು ಮನೆಗೆ ತಂದು, ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಗಿಡ ಕಿತ್ತು, ಮಣ್ಣನ್ನೆಲ್ಲ ಬಾಣಲೆಯಲ್ಲಿ ಹುರಿದೆ. ಆರಿದ ಮೇಲೆ ಮತ್ತೆ ನೆಟ್ಟೆ. ಸೋಮವಾರ ಒಂದು ನೊಣವೂ ಏಳಲಿಲ್ಲ.

ಮಣ್ಣು ಹುರಿದದ್ದನ್ನು ಹೇಳಿದಾಗ ತಾತ ಬಿದ್ದು ಬಿದ್ದು ನಕ್ಕ. "ಅಯ್ಯೋ, ಒಣಗಾಕು ಅಂದೆ ಕಣಮ್ಮಾ! ಹುರಿ ಅಂತ ಯಾರಂದ್ರು?"

"ಒಣಗೋವರ್ಗೂ ಮ್ಯಾನೇಜರ ಕಾಫೀನ ನೀನು ಕಾಯ್ತಿದ್ಯಾ, ತಾತಾ?" ಅಂದೆ.

ಗಿಡವೇನೋ ಉಳಿಯಿತು. ನಮ್ಮತ್ತೆ ಮಾತ್ರ ಆ ಬಾಣಲೆಯ ಉಪ್ಪಿಟ್ಟನ್ನು ಇವತ್ತಿಗೂ ಮುಟ್ಟುವುದಿಲ್ಲ.