ಮಷೀನ್ ಕೂಗಿದರೆ ಬಟನ್ ಒತ್ತು

ಕಾಕುವಿನ ತುಟಿ ನೀಲಿಯಾಗುತ್ತಿತ್ತು. ಪಕ್ಕದಲ್ಲಿ ನಿಂತ ನರ್ಸ್ ನಗುತ್ತಿದ್ದಳು.

(ಅವಳ ಮೇಲೆ ಈಗಲೇ ಸಿಟ್ಟಾಗಬೇಡಿ. ಪೂರ್ತಿ ಕೇಳಿ.)

ಮೈಂದರ್ಗಿಯ ಕಾಕು ನನ್ನ ಅಪ್ಪನ ತಮ್ಮನ ಹೆಂಡತಿ. ನ್ಯುಮೋನಿಯಾ ಆಗಿದೆ. ಮೊದಲು ಅಕ್ಕಲಕೋಟದಲ್ಲಿ ತೋರಿಸಿದೆವು. ಅಲ್ಲಿನ ಡಾಕ್ಟರು ‘ಸೊಲ್ಲಾಪುರಕ್ಕ ಒಯ್ರಿ, ದೊಡ್ಡ ದವಾಖಾನಿಯೊಳಗ ಎಲ್ಲಾ ಮಷೀನ್ ಅದಾವ’ ಅಂದರು. ಒಯ್ದೆವು. ನಿಜ, ಮಷೀನಿಗೇನೂ ಕೊರತೆಯಿಲ್ಲ. ಮೂಗಿಗೆ ಆಕ್ಸಿಜನ್ ಪೈಪು, ಬೆರಳಿಗೆ ಕ್ಲಿಪ್ಪು, ತಲೆಯ ಹತ್ತಿರ ಮಾನಿಟರು. ಅದನ್ನೆಲ್ಲ ನೋಡಿ ನನಗೂ ಧೈರ್ಯ ಬಂದಿತ್ತು.

ಮಧ್ಯಾಹ್ನ ಆ ಮಾನಿಟರು ಕೂಗತೊಡಗಿತು. ನರ್ಸ್ ಅಶ್ವಿನಿ ಓಡಿ ಬಂದಳು. ಕೆಲಸಕ್ಕೆ ಹೊಸಬಳು, ಅಕ್ಕಲಕೋಟದ ಕಡೆಯವಳು. ಕೈ ಜೋಡಿಸಿ ‘ನಮಸ್ಕಾರ’ ಅಂದಳು, ಬಟನ್ ಒತ್ತಿದಳು, ಹೋದಳು. ಮತ್ತೆ ಕೂಗಿತು. ಮತ್ತೆ ನಮಸ್ಕಾರ, ಮತ್ತೆ ಬಟನ್.

‘ಯಾಕ ಕೂಗಾಕತ್ತದವ್ವಾ ಇದು?’ ಅಂದೆ.

‘ಗೊತ್ತಿಲ್ರೀ ಅಕ್ಕಾ. ಕೂಗಿದ್ರ ಇದನ್ನ ಒತ್ತು ಅಂತ ಹೇಳ್ಯಾರ. ಇಲ್ಲಂದ್ರ ಪೇಶಂಟಿನ ಮಂದಿ ಘಾಬರಿ ಆಗ್ತಾರಂತ್ರಿ’ ಅಂದು ನಕ್ಕಳು.

ಕಾಕುವಿನ ಕಡೆ ತಿರುಗಿದೆ. ಆಗ ಕಂಡದ್ದು ಆ ತುಟಿ. ಮಾತಾಡಲಾಗದೆ ನನ್ನ ಸೆರಗು ಜಗ್ಗುತ್ತಿದ್ದಳು. ಎಷ್ಟು ಹೊತ್ತಿನಿಂದ ಜಗ್ಗುತ್ತಿದ್ದಳೋ! ನಾನು ಕಿರುಚಿದ್ದು ಇಡೀ ವಾರ್ಡಿಗೆ ಕೇಳಿಸಿರಬೇಕು.

ಪಕ್ಕದ ವಾರ್ಡಿನಿಂದ ಸೀನಿಯರ್ ಸಿಸ್ಟರ್ ಬಂದರು. ಮಧ್ಯಾಹ್ನ ಹಾಸಿಗೆ ಎತ್ತರಿಸಿದಾಗ ಆಕ್ಸಿಜನ್ ಪೈಪು ಮಂಚದ ಕಂಬಿಗೆ ಸಿಕ್ಕಿ ಮಡಚಿಕೊಂಡಿತ್ತು. ಬಿಡಿಸಿದರು. ಕಾಕು ಉಸಿರೆಳೆದಳು. ನಾನೂ ಎಳೆದೆ.

‘ಮಷೀನ್ ಕೂಗಿದ್ರ ಮೊದಲ ಪೇಶಂಟಿನ ಮಾರಿ ನೋಡು’ ಅಂದರು ಸಿಸ್ಟರ್, ಅಶ್ವಿನಿಗೆ. ‘ಆಮ್ಯಾಲ ಪೈಪ್ ನೋಡು. ನನ್ನ ಕರಿ. ಬಟನ್ ಎಲ್ಲಾ ಆದಮ್ಯಾಲ.’ ಅಶ್ವಿನಿ ಅಳುತ್ತಾ ತಲೆಯಾಡಿಸಿದಳು. ಪಾಠ ಒಂದು ನಿಮಿಷವೂ ಹಿಡಿಯಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಯಾಕೆ ಹೇಳಿಕೊಡಲಿಲ್ಲ?

ಸಂಜೆ ಅವಳನ್ನೇ ಕೇಳಿದೆ. ‘ಇಂಟರ್‌ವ್ಯೂದಾಗ ಏನ್ ಕೇಳಿದ್ರು?’

‘ಲಗ್ನ ಯಾವಾಗ ಮಾಡ್ಕೋತಿ, ರಜಾ ಭಾಳ ತಗೋತೀಯೇನು ಅಂತ ಕೇಳಿದ್ರಿ.’

‘ಮತ್ತ ಟ್ರೇನಿಂಗು?’

‘ಆತಲ್ರೀ. ನಮಸ್ಕಾರ ಹೆಂಗ ಮಾಡೋದು, ಹೆಂಗ ನಗೋದು, ರೇಟಿಂಗ್ ಹೆಂಗ ಕೇಳೋದು. ಉಳಿದದ್ದು ನೋಡ್ಕೋತ ಕಲಿ ಅಂದ್ರು.’

ನೋಡ್ಕೋತ ಕಲಿ! ಯಾರ ಮೇಲೆ? ನಮ್ಮ ಬಟ್ಟೆ ಅಂಗಡಿಯಲ್ಲೂ ಹೊಸಬರ ಕೈಗೆ ಮೊದಲ ದಿನವೇ ಕತ್ತರಿ ಕೊಡುವುದಿಲ್ಲ. ಮೊದಲು ಬಟ್ಟೆಯ ಥಾನು ಬಿಚ್ಚಿ ಮಡಚಲಿ ಅನ್ನುತ್ತಾರೆ ನಮ್ಮ ಯಜಮಾನರು. ಬಟ್ಟೆ ತಪ್ಪು ಕತ್ತರಿಸಿದರೆ ಕಟ್‌ಪೀಸ್ ಅಂಗಡಿಗೆ ಹಾಕಬಹುದು. ಕಾಕುವನ್ನು ಎಲ್ಲಿಗೆ ಹಾಕಲಿ?

ಎಚ್‌ಆರ್ ಮ್ಯಾನೇಜರ್ ಹತ್ತಿರ ಹೋದೆ. ಚಹಾ ತರಿಸಿದರು. (ಅವರ ನಮಸ್ಕಾರವೂ ಬಹಳ ಚೆನ್ನಾಗಿತ್ತು.) ‘ಆ್ಯಕ್ಷನ್ ತಗೋತೀವಿ ಮ್ಯಾಡಮ್’ ಅಂದರು.

‘ಆ ಹುಡುಗೀನ ತೆಗೀಬ್ಯಾಡ್ರಿ. ಎಲ್ಲಾರಿಗೂ ಕಲಿಸ್ರಿ’ ಅಂದೆ. ಎರಡು ಸಲ ಅಂದೆ. ಅವರು ಅಷ್ಟೇ ಚೆನ್ನಾಗಿ ತಲೆಯಾಡಿಸಿದರು.

ಮರುದಿನ ಅಶ್ವಿನಿ ಇರಲಿಲ್ಲ. ತೆಗೆದುಹಾಕಿದ್ದರು. ದೊಡ್ಡ ಸಂಸ್ಥೆಗಳಲ್ಲಿ ತಪ್ಪು ತಿದ್ದುವುದೆಂದರೆ ಇದೇ ಇರಬೇಕು. ಅವಳ ಜಾಗಕ್ಕೆ ಇನ್ನೊಬ್ಬಳು ಬಂದಿದ್ದಳು, ಇಸ್ತ್ರಿ ಮುರಿಯದ ಯೂನಿಫಾರ್ಮಿನಲ್ಲಿ. ‘ಈ ಮಷೀನ್ ಕೂಗಿದ್ರ ಏನ್ ಮಾಡ್ತಿ?’ ಅಂದೆ. ಅವಳು ಖುಷಿಯಿಂದ ಬಟನ್ ತೋರಿಸಿದಳು.

ಸುಳ್ಳು ಯಾಕೆ, ನನಗೆ ಭಯವಾಗಿದೆ. ಇವಳ ಮೇಲಲ್ಲ ಸಿಟ್ಟು, ಇವಳನ್ನು ಹೀಗೆ ಕಳಿಸಿದವರ ಮೇಲೆ. ಈಗ ನಾವು ಮನೆಯವರು ಪಾಳಿ ಹಾಕಿಕೊಂಡು ಮಾನಿಟರಿನ ಮುಂದೆ ಕೂರುತ್ತಿದ್ದೇವೆ. ನಮಗಾದರೂ ಏನು ಗೊತ್ತು?

ಕಲಿತವಳು ಮನೆಗೆ ಹೋದಳು. ನಮ್ಮ ಕಾಕು ಇನ್ನೂ ಅಲ್ಲೇ ಮಲಗಿದ್ದಾಳೆ.