ಮುಚ್ಚಿದ ತಟ್ಟೆಯ ಮೊದಲ ಮಾತು

ಎರಡೂ ಕೈಯಲ್ಲಿ ಮುಚ್ಚಿದ ತಟ್ಟೆ ಹಿಡಿದು ಮೊಣಕೈಯಿಂದ ಬಾಗಿಲು ಬಡಿಯುತ್ತಿದ್ದರು ಪಕ್ಕದ ಮನೆಯ ಆಪಾ. ದುಂಡಗೆ ಮೈತುಂಬಿದ ಕೈ. ಹಸಿರು ಬಳೆಗಳು ಮಣಿಕಟ್ಟು ಬಿಟ್ಟು ಅಲುಗುತ್ತಿರಲಿಲ್ಲ. ಚಿಲಕ ತೆಗೆಯುವ ಮೊದಲೇ ಹೊರಗಿನಿಂದ ಕೂಗು: "ಸಜ್ಜಕ ಐತ್ರಿ ಅವ್ವಾ, ತುಪ್ಪದ್ದು. ಬ್ಯಾರೆ ಏನೂ ಇಲ್ಲ!"

ಗಂಗಾವತಿಯಲ್ಲಿ ಅವರಿಗೂ ನಮಗೂ ನಡುವೆ ಒಂದೇ ಗೋಡೆ. ನಮ್ಮದು ಮಾಂಸ ತಿನ್ನದ ಮನೆ. ತಟ್ಟೆಯಲ್ಲಿ ಏನಿದೆ ಎಂದು ಮೊದಲೇ ಹೇಳಿಬಿಟ್ಟರೆ ನಮ್ಮತ್ತೆಗೆ ಮುಜುಗರವಿಲ್ಲ ಎಂಬುದು ಆಪಾ ಕಂಡುಕೊಂಡ ದಾರಿ. ಅತ್ತೆ ಒಮ್ಮೆಯೂ ಮುಚ್ಚಳ ಎತ್ತಿ ಮೂಸಿದವರಲ್ಲ. "ಆಕಿ ಹೇಳಿದ ಮ್ಯಾಲ ಮುಗೀತು" ಎನ್ನುತ್ತಿದ್ದರು.

ಮನೆಯ ಮುಂದಿನ ಕೋಣೆಯಲ್ಲಿ ಕೂತು ಆಪಾ ಅಂಗಡಿ, ಹೋಟೆಲುಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದರು. ಪಿಯುಸಿ ಮುಗಿಸಿ ಸೊಸೆಯಾಗಿ ಬಂದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದರು. ಒಂದು ದಿನ ಸಾಣಾಪುರದ ಹೋಂಸ್ಟೇಯವನು ಫೋನ್ ಮಾಡಿದ.

"ಆಪಾ, ನಮ್ಮ ಕೆರಿಗೆ ದೆವ್ವ ಬಡದೈತ್ರಿ! ಫೋಟೊ ಒತ್ತಿದ್ರ ಬರೇ ಸೊಟ್ಟ ಅಕ್ಷರ ಬರಾಕತ್ತಾವ."

"ನಿನ್ನ ಮಾರಿ ನೋಡಿ ಕೆರಿ ಹೆದರೈತೋ. ಫೋನ್ ಇಡು, ನೋಡ್ತೀನಿ."

ಫೋಟೊ ಚೆನ್ನಾಗಿಯೇ ಇತ್ತು. ಆದರೆ ಅದು ಹೊಸ ಬಗೆಯ ಫೈಲು, ವೆಬ್‌ಸೈಟ್ ಇಟ್ಟಿದ್ದ ಹಳೆಯ ಸರ್ವರಿಗೆ ಅದರ ಗುರುತಿಲ್ಲ. ಚಿತ್ರವನ್ನು 'ಬರಹ' ಎಂದು ಹೇಳಿ ಕಳಿಸುತ್ತಿತ್ತು.

"ನೋಡು ತಂಗಿ, ಫೈಲಿನ ಹೆಸರಿನ ಬಾಲ ನೋಡಿ ಬ್ರೌಸರ್ ನಂಬಂಗಿಲ್ಲ. ಸರ್ವರ್ ಮೊದಲ ಒಂದು ಮಾತು ಹೇಳ್ತೈತಿ, ಇದು ಚಿತ್ರ, ಇದು ಹಾಡು, ಇದು ಬರಹ ಅಂತ. ನಿಮ್ಮ ಅತ್ತಿಯವರಂಗ ಇದೂ ಆ ಮಾತಿನ ಮ್ಯಾಲ ತಟ್ಟಿ ತಗೋತೈತಿ."

"ಆ ಮಾತ ತಪ್ಪಿದ್ರ?"

"ಒಮ್ಮೊಮ್ಮೆ ಒಳಗ ಮೂಸಿ ತಾನ ಗುರುತು ಹಿಡೀತೈತಿ. ಅದರಾಗೂ ಮೋಸ ಐತಿ. ಚಿತ್ರ ಅಂತ ಹೇಳಿ ಕಳ್ಳರು ಬ್ಯಾರೆ ಏನರ ತುರುಕ್ತಾರ. ಅದಕ್ಕ 'ಮೂಸಬ್ಯಾಡ' ಅಂತ ನಾನು ಒಂದು ಸಾಲು ಸೇರಿಸಿರ್ತೀನಿ. ಹೇಳಾವ್ರು ಖರೇ ಹೇಳಬೇಕು, ಕೇಳಾವ್ರು ನಂಬಬೇಕು. ಬಸ್."

ಸರ್ವರಿಗೆ ಆ ಫೈಲಿನ ಗುರುತು ಹೇಳಿಕೊಟ್ಟು ಮತ್ತೆ ಒತ್ತಿದರು. ಬಂಡೆಗಳ ನಡುವೆ ಕೆರೆ ತೆರೆದುಕೊಂಡಿತು.

ಹೋದ ವರ್ಷ ಆಪಾ ಸೊರಗತೊಡಗಿದರು. ಬಾಗಿಲು ಬಡಿದಾಗ ಬಳೆಗಳು ಮೊಣಕೈವರೆಗೂ ಜಾರಿ ಮರಕ್ಕೆ ತಾಗುವ ಸದ್ದು. ಏನಾಗಿದೆ ಎಂದು ಕೇಳಿದರೆ ನಕ್ಕರು.

"ಗ್ಯಾಸ್ ತಂಗಿ. ಡಾಕ್ಟರ್ ಬಿರಿಯಾನಿ ಬಿಡು ಅಂದಾರ. ಇನ್ನ ನನ್ನ ನಿಮ್ಮ ಪಂಕ್ತಿಗೆ ಸೇರಿಸ್ಕೋರಿ."

"ಖರೇ ಹೇಳ್ರಿ ಆಪಾ."

"ಹೇಳಿದ್ನಲ್ಲ. ಮೂಸಬ್ಯಾಡ."

ಗ್ಯಾಸ್ ಅಂತೆ ಎಂದು ಅತ್ತೆಗೆ ಹೇಳಿದೆ. ಅತ್ತೆ ದಿನಾ ಜೀರಿಗೆ ಕಷಾಯ ಮಾಡಿ ಕಳಿಸಿದರು. ಆಪಾ ಕುಡಿದು, ಲೋಟ ತೊಳೆದು, "ಭಾಳ ಆರಾಮ ಅನಸ್ತೈತ್ರಿ ಅವ್ವಾ" ಎಂದು ಹೇಳಿ ಕೊಟ್ಟು ಹೋಗುತ್ತಿದ್ದರು.

ಹೊಟ್ಟೆಯಲ್ಲಿದ್ದದ್ದು ಕ್ಯಾನ್ಸರ್ ಎಂದು ನಮಗೆ ತಿಳಿದದ್ದು ಆಪಾ ತೀರಿಕೊಂಡು ಅವರ ಜನಾಜಾ ಎದ್ದ ದಿನ, ಅವರ ತಮ್ಮನ ಹೆಂಡತಿಯ ಬಾಯಿಂದ. "ಗೊತ್ತಾದ್ರ ನಿಮ್ಮ ಅತ್ತಿಯವರು ಚಿಂತ್ಯಾಗ ಊಟ ಬಿಡ್ತಾರ, ಹೇಳಬ್ಯಾಡ ಅಂದಿದ್ರು" ಎಂದಳು. ಇಷ್ಟು ವರ್ಷ ಪ್ರತಿ ತಟ್ಟೆಗೂ ಖರೇ ಹೆಸರು ಹೇಳಿದವರು, ಅದೊಂದಕ್ಕೆ ಮಾತ್ರ ಬೇರೆ ಹೆಸರು ಹೇಳಿದರು. ಅತ್ತೆ ಮನೆಗೆ ಬಂದು ಕಷಾಯದ ಲೋಟವನ್ನು ಮಡಿಲಲ್ಲಿಟ್ಟುಕೊಂಡು ಕೂತರು.

ಆಪಾ ಮಾಡಿದ ವೆಬ್‌ಸೈಟುಗಳನ್ನು ಈಗ ನಾನೇ ನೋಡಿಕೊಳ್ಳುತ್ತೇನೆ. ನನ್ನ ಅನ್ನ ಅದರಿಂದಲೇ. ಅವರು ಬರೆದ 'ಮೂಸಬ್ಯಾಡ' ಎಂಬ ಆ ಒಂದು ಸಾಲು ಎದುರಾದಾಗಲೆಲ್ಲ ಕೈ ನಿಲ್ಲುತ್ತದೆ. ಅಳಿಸಿಲ್ಲ.

ಅವರಿಲ್ಲದ ಮೊದಲ ರಮಜಾನ್ ಹಬ್ಬಕ್ಕೆ ಬಾಗಿಲು ಬಡಿದ ಸದ್ದಾಯಿತು. ಆಪಾರ ತಮ್ಮನ ಹೆಂಡತಿ ಮುಚ್ಚಿದ ತಟ್ಟೆಯನ್ನು ಅತ್ತೆಯ ಕೈಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋದಳು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಹಬ್ಬದ ಶಾವಿಗೆ ಪಾಯಸ, ಸುರಕುಂಬಾ ಇರಬೇಕು, ಹಾಲಿನ ಬಿಸಿ ವಾಸನೆ ನನ್ನವರೆಗೂ ಬಂದಿತ್ತು.

"ಒಳಗ ತರ್ರಿ ಅತ್ತಿ, ಆರತೈತಿ" ಎಂದೆ.

ಅತ್ತೆ ಆಚೆ ಆಪಾರ ಬಾಗಿಲನ್ನೇ ನೋಡುತ್ತಿದ್ದರು.

"ತಡಿಯವಾ," ಅಂದರು, "ಏನೈತಿ ಅಂತ ಆಕಿ ಇನ್ನೂ ಹೇಳಿಲ್ಲ."