ಗಡ್ಡೆಯ ರಿಪೋರ್ಟ್ ಬಂದ ದಿನ

ಹೊನ್ನಾಳಿಯ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅವರನ್ನು ಗಿರಣಿ ಅಕ್ಕ ಎಂದೇ ಕರೆಯುತ್ತಿದ್ದೆವು. ಬೀಳುವ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, ‘ಆತು ಬಿಡ್ರಿ’ ಎನ್ನುವರು. ತಮ್ಮ ಕರುಳಿನ ಕ್ಯಾನ್ಸರ್ ಲಿವರ್‌ಗೂ ಹಬ್ಬಿದೆ ಎಂದು ಡಾಕ್ಟರು ಹೇಳಿದಾಗಲೂ ಅಷ್ಟೇ ಅಂದರು.

ಗಡ್ಡೆಯ ಜೀನ್ ಪರೀಕ್ಷೆಯ ರಿಪೋರ್ಟ್ ಬಂದ ದಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ.

‘ಜೀನ್ ಬದಲಾಗಿದೆಯಮ್ಮ. ನಾವು ನಂಬಿದ್ದ ಇಂಜೆಕ್ಷನ್ ಇದಕ್ಕೆ ನಾಟೋದಿಲ್ಲ,’ ಎಂದರು ಡಾಕ್ಟರು.

‘ಇದು ನನ್ನ ಮಗಳಿಗೂ ಬರ್ತೈತೇನ್ರಿ?’

‘ಇಲ್ಲ. ಈ ಬದಲಾವಣೆ ಗಡ್ಡೆಯೊಳಗೆ ಮಾತ್ರ ಆಗಿರೋದು.’

ಅಕ್ಕನ ಮುಖ ಅರಳಿತು. ಹೊರಗೆ ಬಂದವರೇ ಮಗಳಿಗೆ ಫೋನ್ ಹಚ್ಚಿದರು. ‘ರಿಪೋರ್ಟ್ ಚಲೋ ಬಂದೈತವ್ವಾ.’

ಅಮ್ಮ ಗುಣವಾಗುತ್ತಾಳೆಂದು ನಂಬಿದ ಮಗಳು ಸಂತೋಷಕ್ಕೆ ಬಿಕ್ಕುವುದು ನನಗೂ ಕೇಳಿಸಿತು. ಅಕ್ಕ ಕಣ್ಣು ಮುಚ್ಚಿ ಗೋಡೆಗೆ ಒರಗಿದರು.